ಎರಡು ಕೆರೆ, ಒಂದು ದಾರಿ: ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸೈಕಲ್ಲಿನ ಮೇಲೆ

'ಸೋಳಾ' ಎಂದರೆ ಹದಿನಾರು, ಹದಿನಾರು ಊರುಗಳು ಕೂಡಿ ಸೊಲ್ಲಾಪುರವಾಯಿತು ಎಂದು ನಂಬಿದವರು ಇಂದಿಗೂ ಅನೇಕರಿದ್ದಾರೆ. ಶಾಸನಗಳೂ ಶರಣ ಸಾಹಿತ್ಯವೂ ಬೇರೊಂದು ಹೆಸರನ್ನು ಹೇಳುತ್ತವೆ. ಅವುಗಳಲ್ಲಿ ಈ ಊರು ಸೊನ್ನಲಿಗೆ. ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮನ ಊರು. ಹೆಸರು ಸವೆದು ರೂಪ ಬದಲಿಸಿದರೂ ನೆಲ ತನ್ನ ನೆನಪನ್ನು ಬಿಟ್ಟುಕೊಟ್ಟಿಲ್ಲ. ಆ ನೆನಪು ಗ್ರಂಥಾಲಯದಲ್ಲಿರುವುದಕ್ಕಿಂತ ಹೆಚ್ಚಾಗಿ ರಸ್ತೆಯ ಬದಿಯಲ್ಲಿದೆ. ಮೋಟಾರಿನಲ್ಲಿ ಹೋಗುವವನಿಗೆ ಅದು ಕಾಣುವುದಿಲ್ಲ. ನಡೆದು ಹೋಗಲು ಇಂದು ಯಾರಿಗೂ ವ್ಯವಧಾನವಿಲ್ಲ. ಈ ಸೀಮೆಯ ಇತಿಹಾಸವನ್ನು ಓದಲು ತಕ್ಕ ವೇಗವೆಂದರೆ ಸೈಕಲ್ಲಿನ ವೇಗ. ಸೇವೆಯಲ್ಲಿದ್ದ ಕಾಲದಲ್ಲಿ ಬಹುಪಾಲು ಶಾಲೆಗೆ ಸೈಕಲ್ಲಿನ ಮೇಲೆಯೇ ಹೋಗಿಬಂದ ನಾನು ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಮೊದಲು ಊರ ನಡುವಿನ ಕೆರೆ. ಸಿದ್ಧರಾಮನು ತನ್ನ ಶಿಷ್ಯಸಮೂಹದೊಡನೆ ಈ ಕೆರೆಯನ್ನು ಕಟ್ಟಿಸಿದನೆಂಬುದು ಪರಂಪರೆಯ ಮಾತು. ರಾಘವಾಂಕನು 'ಸಿದ್ಧರಾಮಚರಿತ್ರೆ'ಯಲ್ಲಿ ಅವನ ಬದುಕನ್ನೇ ಕಾವ್ಯವಾಗಿಸಿದ್ದಾನೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಸೊನ್ನಲಿಗೆಗೆ ಬಂದು, ಮಣ್ಣು ಹೊರುವ ಜನರ ನಡುವೆ ನಿಂತು, ಸಿದ್ಧರಾಮನನ್ನು ಒಡ್ಡರಾಮನೆಂದು ಕರೆದು ಕೆಣಕುವ ಪ್ರಸಂಗ ನಮಗೆಲ್ಲ ಗೊತ್ತಿರುವುದೇ. ಕೆರೆ ತೋಡುವುದು ಮುಕ್ತಿಗೆ ಸಾಲದೆಂಬುದು ಅಲ್ಲಮನ ನಿಲುವು. ಸಿದ್ಧರಾಮನು ಅವನ ಹಿಂದೆ ಕಲ್ಯಾಣಕ್ಕೆ ಹೋದನು, ಚನ್ನಬಸವಣ್ಣನಿಂದ ಇಷ್ಟಲಿಂಗವನ್ನು ಪಡೆದನು. ಆದರೆ ಅವನು ಕಟ್ಟಿದ ಕೆರೆ ಹೋಗಲಿಲ್ಲ. ಅದು ಎಂಟುನೂರು ವರ್ಷಗಳಿಂದ ಅಲ್ಲೇ ಇದೆ. ತತ್ತ್ವದಲ್ಲಿ ಅಲ್ಲಮನದೇ ಮೇಲುಗೈ ಇರಬಹುದು. ಊರಿನ ಲೆಕ್ಕದಲ್ಲಿ ಸಿದ್ಧರಾಮನೇ ಗೆದ್ದನೆಂದು ನನ್ನ ಅಭಿಪ್ರಾಯ.

ಕೆರೆಗೆ ಹೊಂದಿಕೊಂಡ ನೆಲಕೋಟೆಯ ಗೋಡೆಗಳೊಳಗೆ ಪ್ರಾಚೀನ ದೇಗುಲವೊಂದರ ಅವಶೇಷಗಳಿವೆ. ಬಹಮನಿ, ಆದಿಲಶಾಹಿ, ನಿಜಾಮಶಾಹಿ ಅರಸರು ಈ ಕೋಟೆಗಾಗಿ ಕಾದಾಡಿದರು. ಚಾಂದಬೀಬಿಯ ಮದುವೆಯಲ್ಲಿ ಇದು ಬಳುವಳಿಯಾಗಿ ವಿಜಾಪುರಕ್ಕೆ ಹೋಯಿತು. 1818ರ ಮೇ ತಿಂಗಳಲ್ಲಿ ಮನ್ರೋನ ಸೇನೆಗೆ ಶರಣಾಯಿತು. ಇವೆಲ್ಲ ಪಠ್ಯಪುಸ್ತಕದ ಸಂಗತಿಗಳು. ಪಠ್ಯಪುಸ್ತಕದಲ್ಲಿಲ್ಲದ್ದು ಬೇರೆಯಿದೆ. ಸಿದ್ಧರಾಮನು ಊರಿನ ಸುತ್ತಲೂ ಅರವತ್ತೆಂಟು ಲಿಂಗಗಳನ್ನು ಸ್ಥಾಪಿಸಿದನೆಂಬ ಪ್ರತೀತಿ ಇದೆ. ಪ್ರತಿವರ್ಷ ಮಕರ ಸಂಕ್ರಾಂತಿಯ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಆ ಲಿಂಗಗಳನ್ನು ಸುತ್ತಿ ಬರುತ್ತವೆ. ಈಗಿನ ತರುಣರು ಬೆಳಗಿನಲ್ಲಿ ತಲೆಗೆ ಹೆಲ್ಮೆಟ್ ಧರಿಸಿ ಊರು ಸುತ್ತುವುದನ್ನು ಹೊಸತೆಂದು ತಿಳಿದಿದ್ದಾರೆ. ಊರು ಸುತ್ತುವ ದಾರಿ ಇಲ್ಲಿ ಮೊದಲೇ ಗುರುತಾಗಿತ್ತು. ಸೈಕಲ್ ಮಾತ್ರ ಹೊಸದು.

ಆ ಪ್ರದಕ್ಷಿಣೆಯ ದಿನ ಲಿಂಗಗಳಿಗೆ ನಡೆಯುವ ತೈಲಾಭಿಷೇಕಕ್ಕೆ ಸೊಲ್ಲಾಪುರದ ಮರಾಠಿ ಪತ್ರಿಕೆಗಳು ಯಾವ ಶಬ್ದವನ್ನು ಬಳಸುತ್ತವೆಂಬುದನ್ನು ಗಮನಿಸಿದ್ದೀರಾ? 'ಯಣ್ಣೀಮಜ್ಜನ'. ನಮ್ಮ ಎಣ್ಣೆಮಜ್ಜನವೇ! ಅಕ್ಷತಾ ಸಮಾರಂಭ ನಡೆಯುವ ಸ್ಥಳ 'ಸಂಮತಿ ಕಟ್ಟಾ', ನಮ್ಮ ಕಟ್ಟೆ. ಅಲ್ಲಿ ನೆರೆಯುವ ಜನರಲ್ಲಿ ಮರಾಠಿಯವರು, ತೆಲುಗು ಪದ್ಮಶಾಲಿಗಳು, ಕನ್ನಡಿಗರು ಎಲ್ಲರೂ ಇದ್ದಾರೆ. ಯಾರಿಗೂ ಆ ಶಬ್ದ ಪರಕೀಯವೆನಿಸುವುದಿಲ್ಲ.

ಎರಡನೆಯ ಕೆರೆಗೆ ತುಳಜಾಪುರದ ರಸ್ತೆ ಹಿಡಿದು ಸುಮಾರು 5 ಮೈಲಿ ಹೋಗಬೇಕು. ಇದಕ್ಕೆ ಎರಡು ಹೆಸರು. ಸರಕಾರಿ ಕಾಗದಗಳಲ್ಲಿ ಏಕರೂಖ ತಲಾವ. 'ರೂಖ' ಎಂದರೆ ಮರಾಠಿಯಲ್ಲಿ ಮರ. ಜನರ ಬಾಯಲ್ಲಿ ಹಿಪ್ಪರಗೆಯ ಕೆರೆ. ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯನ್ನು ಬಲ್ಲವರಿಗೆ ಆ ಹೆಸರಿನ ಮನೆತನ ಯಾವುದೆಂದು ಹೇಳಬೇಕಿಲ್ಲ. ಒಂದೇ ನೀರು, ಒಂದು ದಡಕ್ಕೆ ಒಂದು ಭಾಷೆ. ಆದಿಲಾ ಎಂಬ ಹಳ್ಳಕ್ಕೆ ಅಡ್ಡಲಾಗಿ ಬ್ರಿಟಿಷ್ ಇಂಜಿನಿಯರುಗಳು ಕಟ್ಟಿದ ಮಣ್ಣಿನ ಒಡ್ಡು 1871ರಲ್ಲಿ ಮುಗಿಯಿತು. ಉದ್ದ 2360 ಮೀಟರು, ಎತ್ತರ 21 ಮೀಟರಿಗೂ ಮಿಗಿಲು. ಸಿದ್ಧರಾಮನ ಕೆರೆಗೆ ಭಕ್ತರು ಮಣ್ಣು ಹೊತ್ತರು, ಇದಕ್ಕೆ ಕೂಲಿಯವರು. ಆದರೂ ಎರಡೂ ಕೆರೆಗಳ ಹಿಂದಿನ ಕಾರಣ ಒಂದೇ: ಈ ಸೀಮೆಯ ಮಳೆಯನ್ನು ನಂಬುವಂತಿಲ್ಲ. ಒಡ್ಡು ಮುಗಿದ ಐದೇ ವರ್ಷಕ್ಕೆ 1876ರ ಮಹಾಕ್ಷಾಮ ಬಂತು. ಇಂದು ಈ ಕೆರೆಯಿಂದ ನೀರೆತ್ತಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ ತಾಲೂಕುಗಳ ಕಡೆಗೆ ಹರಿಸುವ ಯೋಜನೆಯಿದೆ. ಎಂದರೆ ನಾವು ಸೈಕಲ್ಲಿನಲ್ಲಿ ಹೋಗುವ ದಿಕ್ಕಿಗೇ ನೀರೂ ಹೋಗಬೇಕಾಗಿದೆ.

ಅಕ್ಕಲಕೋಟೆಯ ರಸ್ತೆ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರು. ಕುಂಭಾರಿ, ವಳಸಂಗ ದಾಟಿದರೆ ಎರಡೂ ಬದಿಗೆ ಎರೆಭೂಮಿ, ಹಿಂಗಾರಿಯ ಜೋಳ. ಏರಿಳಿತ ಕಡಿಮೆ, ಆದ್ದರಿಂದ ಇಲ್ಲಿ ಸೈಕಲ್ಲಿಗೆ ಏರಿಗಿಂತ ಗಾಳಿಯೇ ಎದುರಾಳಿ. ಮಳೆಗಾಲದ ಪಡುವಣ ಗಾಳಿ ಹೋಗುವಾಗ ಬೆನ್ನಿಗೆ ನಿಲ್ಲುತ್ತದೆ, ಮರಳುವಾಗ ಎದೆಗೆ ಬಡಿಯುತ್ತದೆ. ರೈಲು ಸೊಲ್ಲಾಪುರಕ್ಕೆ ಬಂದದ್ದು 1860ರಲ್ಲಿ. ರಾಯಚೂರಿನವರೆಗೆ ಹೋಗಿ ಮದ್ರಾಸಿನ ಹಳಿಯನ್ನು ಕೂಡಿದ್ದು ಏಕರೂಖ ಕೆರೆ ಮುಗಿದ ಅದೇ 1871ರಲ್ಲಿ. ಅಕ್ಕಲಕೋಟೆಗೆ ಮಾತ್ರ ಅದು ಸಮೀಪ ಬರಲಿಲ್ಲ; 'ಅಕ್ಕಲಕೋಟೆ ರೋಡ್' ಎಂಬ ನಿಲ್ದಾಣ ಊರಿನಿಂದ ಹತ್ತು ಕಿಲೋಮೀಟರಿಗೂ ದೂರ ಉಳಿಯಿತು. ನಡುವಿನ ಆ ದೂರವನ್ನು ಟಾಂಗಾದಲ್ಲಿ ಕ್ರಮಿಸಿದ ಹಿರಿಯರು ನಮ್ಮ ಸಂಘದ ಕುಟುಂಬಗಳಲ್ಲೂ ಇದ್ದರು.

ಅಕ್ಕಲಕೋಟೆ ಸಂಸ್ಥಾನದ ಹುಟ್ಟು ಕಥೆಯಂತಿದೆ. 1707ರಲ್ಲಿ ಔರಂಗಜೇಬನು ತೀರಿದ ಮೇಲೆ ಮೊಗಲರ ಸೆರೆಯಿಂದ ಹೊರಬಂದ ಶಾಹು ಮಹಾರಾಜನು ಸಾತಾರೆಯ ಕಡೆಗೆ ಸಾಗುವಾಗ, ಪಾರದ ಎಂಬ ಊರಿನ ಪಾಟೀಲನ ಮನೆಯ ವಿಧವೆ ತನ್ನ ಮಗುವನ್ನು ಅವನ ಪಾದದಲ್ಲಿಟ್ಟಳು. ರಾಣೋಜಿ ಲೋಖಂಡೆ ಎಂಬ ಆ ಮಗುವೇ ಮುಂದೆ ಫತ್ತೇಸಿಂಹ ಭೋಸಲೆಯಾಗಿ ಅಕ್ಕಲಕೋಟೆಯನ್ನು ಪಡೆದನು. 498 ಚದರ ಮೈಲಿಯ ಈ ಸಂಸ್ಥಾನದಲ್ಲಿ ದೊರೆಯ ಮನೆಯ ಮಾತು ಮರಾಠಿ. ಹೊಲದ, ಸಂತೆಯ, ಮಠದ ಮಾತು ಬಹುಮಟ್ಟಿಗೆ ಕನ್ನಡ. 1878ರಲ್ಲಿ ಸಮಾಧಿಸ್ಥರಾದ ಶ್ರೀ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಲಕ್ಷಾಂತರ ಭಕ್ತರು ವಟವೃಕ್ಷದ ದೇವಾಲಯವನ್ನು ನೋಡಿ ಹೋಗುತ್ತಾರೆ. ಅರಮನೆಯ ಶಸ್ತ್ರಾಗಾರವನ್ನು ನೋಡುವವರು ಕಡಿಮೆ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1967ರ ಮಹಾಜನ ವರದಿ ಅಕ್ಕಲಕೋಟೆ ತಾಲೂಕನ್ನು ಕರ್ನಾಟಕಕ್ಕೆ ಸೇರಿಸಬೇಕೆಂದಿತು, ಅದು ಜಾರಿಯಾಗಲಿಲ್ಲ. ಆ ವಾದವನ್ನು ನಾನಿಲ್ಲಿ ಎತ್ತುವುದಿಲ್ಲ. ಗಡಿ ಎಲ್ಲಿಯೇ ಇರಲಿ, ಮೈಂದರ್ಗಿ, ನಾಗಣಸೂರು, ತೋಳನೂರು, ಕರಜಗಿ, ಹನ್ನೂರು ಎಂಬ ಹೆಸರುಗಳು ಇದ್ದಲ್ಲಿಯೇ ಇವೆ.

ಹೀಗೆ ಹೆಸರುಗಳನ್ನು ಎಣಿಸುತ್ತ ಹೋಗುವವನು ಒಮ್ಮೆ ವಿಜಯಪುರದ ದಿಕ್ಕಿಗೂ ತಿರುಗಿ, ಭೀಮೆ ಮತ್ತು ಸೀನೆ ಸೇರುವ ಹತ್ತರಸಂಗ ಕೂಡಲಕ್ಕೆ ಹೋಗಬೇಕು. ಅಲ್ಲಿಯ ಸಂಗಮೇಶ್ವರ ದೇಗುಲದಲ್ಲಿ ದೊರೆತ ಶಕ 940ರ, ಎಂದರೆ ಕ್ರಿ.ಶ. 1018ರ ಶಾಸನವನ್ನು ಮರಾಠಿಯ ಅತಿ ಪ್ರಾಚೀನ ಬರಹಗಳಲ್ಲೊಂದೆಂದು ವಿದ್ವಾಂಸರು ಎಣಿಸುತ್ತಾರೆ. ಮರಾಠಿಯ ಆದಿಮ ಅಕ್ಷರಗಳು ಸಿಕ್ಕಿದ್ದು 'ಕೂಡಲ' ಎಂಬ ಅಚ್ಚಗನ್ನಡ ಹೆಸರಿನ ಊರಿನಲ್ಲಿ! ಇದಕ್ಕಿಂತ ಹೆಚ್ಚಿನ ಸಾಕ್ಷಿ ನಮಗೇಕೆ? ಇಲ್ಲಿ ಒಂದು ಭಾಷೆ ಹೋಗಿ ಇನ್ನೊಂದು ಬಂದಿಲ್ಲ. ಎರಡೂ ಹಾಸುಹೊಕ್ಕಾಗಿ ಬದುಕಿವೆ. ಈ ಶಾಸನವನ್ನು ಬೆಳಕಿಗೆ ತರುವಲ್ಲಿ ದುಡಿದ ಸೊಲ್ಲಾಪುರದ ಆನಂದ ಕುಂಭಾರರು ಯಾವ ವಿಶ್ವವಿದ್ಯಾಲಯದ ಪೀಠದಲ್ಲೂ ಕುಳಿತವರಲ್ಲ. ಸಣ್ಣ ನೌಕರಿಯಲ್ಲಿದ್ದುಕೊಂಡು ಊರೂರು ಅಲೆದು ಕಲ್ಲುಗಳನ್ನು ಓದಿದರು. ಡಾ. ಶ್ರೀನಿವಾಸ ರಿತ್ತಿಯವರೊಡನೆ ಅವರು ಸಂಪಾದಿಸಿದ ಸೊಲ್ಲಾಪುರ ಜಿಲ್ಲೆಯ ಶಾಸನಗಳ ಸಂಪುಟ 1988ರಲ್ಲಿ ಹೊರಬಂತು. ಅದರಲ್ಲಿ ಕನ್ನಡ ಶಾಸನಗಳ ರಾಶಿಯೇ ಇದೆ.

ಸಂಪುಟದಲ್ಲಿರುವ ಪಾಠ ಉಳಿಯುತ್ತದೆ. ಕಲ್ಲು ಉಳಿಯುತ್ತದೆಂಬ ಭರವಸೆಯಿಲ್ಲ. ಒಂದು ಹಳ್ಳಿಯ ಗುಡಿಯೆದುರಿಗೆ ನಾನು ನೋಡಿದ ಶಾಸನಕ್ಕೆ ವರ್ಷವರ್ಷ ಎಣ್ಣೆಬಣ್ಣ ಬಳಿದು ಅಕ್ಷರಗಳು ತುಂಬಿಹೋಗಿವೆ. ಇನ್ನೊಂದೆಡೆ ರಸ್ತೆ ಅಗಲಗೊಳ್ಳುವಾಗ ವೀರಗಲ್ಲು ಮೋರಿಯ ಕಡೆಗೆ ಸರಿದಿತ್ತು. ಭಕ್ತಿಯಿಂದಲೂ ಹಾಳಾಗುತ್ತದೆ, ಅಭಿವೃದ್ಧಿಯಿಂದಲೂ ಹಾಳಾಗುತ್ತದೆ. ಓದಬಲ್ಲವರು ಕಡಿಮೆಯಾದಷ್ಟೂ ಕಲ್ಲು ಬರಿಯ ಕಲ್ಲಾಗುತ್ತದೆ. ನಮ್ಮ ಮನೆಗಳಲ್ಲಿ ಕನ್ನಡ ಆಡುವ, ಆದರೆ ಓದಲು ಬಾರದ ಮೊಮ್ಮಕ್ಕಳು ಬೆಳೆಯುತ್ತಿದ್ದಾರೆ ಎಂಬುದನ್ನು ಸಂಘದ ಸದಸ್ಯರಿಗೆ ನಾನು ಹೇಳಬೇಕಾಗಿಲ್ಲ.

ಹಾಗಾದರೆ ಮಕ್ಕಳನ್ನು ಯಾವ ಕ್ರಮದಲ್ಲಿ ಕರೆದೊಯ್ಯಬೇಕು? ಮೊದಲ ಭಾನುವಾರ ಸಿದ್ಧೇಶ್ವರನ ಕೆರೆ ಮತ್ತು ಕೋಟೆ ಸಾಕು. ಎರಡನೆಯದು ಹಿಪ್ಪರಗೆಯ ಕೆರೆ. ಚಳಿಗಾಲದಲ್ಲಿ ವಲಸೆಯ ಹಕ್ಕಿಗಳೂ ಇರುತ್ತವೆ. ಹದಿನಾಲ್ಕು ದಾಟಿದವರಾದರೆ ಮೂರನೆಯ ಸಲ ಅಕ್ಕಲಕೋಟೆ. ಡಿಸೆಂಬರಿನ ನಸುಕಿನಲ್ಲಿ ಹೊರಟು ವಳಸಂಗದಲ್ಲಿ ಬುತ್ತಿ ಬಿಚ್ಚಬಹುದು. ಪಂಪು, ಪಂಕ್ಚರಿನ ಸಾಮಾನು, ನೀರು, ಒಂದು ನೋಟುಪುಸ್ತಕ. ದಾರಿಯಲ್ಲಿ ಕಂಡ ಪ್ರತಿ ಊರಿನ ಹೆಸರನ್ನು ಫಲಕದ ದೇವನಾಗರಿಯಲ್ಲಿ ಇದ್ದಂತೆಯೂ, ಊರಿನ ಮುದುಕರ ಬಾಯಲ್ಲಿ ಕೇಳಿದಂತೆ ಕನ್ನಡದಲ್ಲಿಯೂ ಬರೆಸಬೇಕು. ಎರಡೂ ಒಂದೇ ಆಗಿರುವುದು ಅಪರೂಪ. ದಣಿಯದವರು ಮೈಂದರ್ಗಿಯ ಮೇಲೆ ದುಧನಿಯವರೆಗೆ ಮುಂದುವರಿಯಲಿ. ಅಲ್ಲಿ ರೈಲು ನಿಲ್ದಾಣವಿದೆ, ಅದರಾಚೆ ಸ್ವಲ್ಪ ದೂರಕ್ಕೆ ಕಲಬುರಗಿ ಜಿಲ್ಲೆ ಹತ್ತುತ್ತದೆ, ಫಲಕಗಳ ಲಿಪಿ ಬದಲಾಗುತ್ತದೆ. ಮಾತು ಬದಲಾಗುವುದಿಲ್ಲ.