ಗಾಳಿ ಬಿಟ್ಟ ಚಕ್ರ

ಮೊಣಕಾಲುದ್ದದ ಹಿಮದಲ್ಲಿ ಮನುಷ್ಯನೊಬ್ಬ ಒಂದೊಂದೇ ಹೆಜ್ಜೆ ಕಿತ್ತಿಡುತ್ತ ಏದುಸಿರು ಬಿಡುತ್ತ ಸಾಗುತ್ತಿದ್ದಾನೆ. ಅವನ ಪಕ್ಕದಲ್ಲೇ ಎರಡೂವರೆ ಟನ್ ತೂಕದ ಜೀಪೊಂದು ಹಿಮದ ಮೇಲೆ ಗೇಣುದ್ದವೂ ಇಳಿಯದೆ ಮೆಲ್ಲಗೆ ಮುಂದೆ ಹೋಗುತ್ತದೆ. ಐಸ್‌ಲೆಂಡಿನ ಒಳನಾಡಿನಲ್ಲಿ ಚಳಿಗಾಲದ ಶನಿವಾರ, ಭಾನುವಾರಗಳಂದು ಇದು ಅಪರೂಪದ ನೋಟವೇನಲ್ಲ. ಇದರಲ್ಲಿ ಮಾಟಮಂತ್ರವೂ ಇಲ್ಲ. ಆ ಜೀಪಿನ ಟೈರುಗಳಲ್ಲಿ ಗಾಳಿ ಇದೆಯೋ ಇಲ್ಲವೋ ಎನ್ನುವಷ್ಟು ಕಡಿಮೆ ಇದೆ, ಅಷ್ಟೆ.

ಲೆಕ್ಕ ಸರಳ. ರಸ್ತೆಯಲ್ಲಿ ಓಡುವ ಕಾರಿನ ಟೈರಿನಲ್ಲಿ ಚದರ ಅಂಗುಲಕ್ಕೆ ಸುಮಾರು 30 ಪೌಂಡ್ ಒತ್ತಡದ ಗಾಳಿ ಇರುತ್ತದೆ. ಟೈರು ನೆಲವನ್ನು ಒತ್ತುವುದೂ ಹೆಚ್ಚುಕಡಿಮೆ ಅಷ್ಟೇ ಒತ್ತಡದಿಂದ. ನಡೆಯುವ ಮನುಷ್ಯ ಒಂದು ಕಾಲಿನ ಮೇಲೆ ಭಾರ ಬಿಟ್ಟಾಗ ನೆಲದ ಮೇಲೆ ಬೀಳುವ ಒತ್ತಡ 5 ಪೌಂಡಿನ ಆಸುಪಾಸು. ಐಸ್‌ಲೆಂಡಿನವರು 38 ಅಥವಾ 44 ಅಂಗುಲ ಎತ್ತರದ ಅಗಲವಾದ ಟೈರು ಹಾಕಿಸಿ, ಗಾಳಿಯನ್ನು 3 ಪೌಂಡಿಗೆ, ಹಿಮ ತೀರಾ ಮೆತ್ತಗಿದ್ದರೆ ಇನ್ನೂ ಕೆಳಕ್ಕೆ ಇಳಿಸುತ್ತಾರೆ. ಮರಳಿನ ಮೇಲೆ ಒಂಟೆಯ ಪಾದ ಹರಡಿಕೊಳ್ಳುವಂತೆ ಟೈರು ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಹಿಮದ ಮಟ್ಟಿಗೆ ಆ ಜೀಪು ಮನುಷ್ಯನಿಗಿಂತ ಹಗುರ.

ಗಾಳಿ ಇಳಿಸುವ ಉಪಾಯ ಹೊಸದಲ್ಲ. ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನೋಲ್ಡ್ ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲೇ ಲಿಬಿಯಾದ ಮರಳುಗಾಡಿನಲ್ಲಿ ಅದನ್ನು ಬಳಸಿದ್ದ. ಆದರೆ ಹಿಮದ ಮೇಲೆ ಅದನ್ನು ಇಷ್ಟು ದೂರ ಒಯ್ದವರು ಐಸ್‌ಲೆಂಡಿನ ಹವ್ಯಾಸಿಗಳು. ವಾರದ ಬಿಡುವಿನಲ್ಲಿ ಗೆಳೆಯರೊಡನೆ ಹೊರಟು, ಹೂತುಹೋಗಿ, ಒಬ್ಬರನ್ನೊಬ್ಬರು ಎಳೆದು ಹಾಕುತ್ತ ಕಲಿತ ಮೆಕ್ಯಾನಿಕ್ಕುಗಳು, ಎಂಜಿನಿಯರುಗಳು, ರೈತರು ಅವರು.

ಆ ದೇಶದ ಸ್ವರೂಪವೇ ಅಂಥದು. ವಿಸ್ತೀರ್ಣ 1,03,000 ಚದರ ಕಿ.ಮೀ., ಎಂದರೆ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಜನಸಂಖ್ಯೆ ನಾಲ್ಕು ಲಕ್ಷಕ್ಕೂ ಕಡಿಮೆ. ಊರುಗಳೆಲ್ಲ ಕಡಲಂಚಿನಲ್ಲಿವೆ. ನಡುವಿನ ಎತ್ತರದ ನಾಡು ಬರಿದು, ಅಲ್ಲಿ ಯಾರೂ ವಾಸವಿಲ್ಲ. ದೇಶದ ಹತ್ತನೆಯ ಒಂದು ಭಾಗದಷ್ಟು ನೆಲವನ್ನು ಹಿಮನದಿಗಳು ಮುಚ್ಚಿವೆ. ದ್ವೀಪವನ್ನು ಸುತ್ತುವ ಹೆದ್ದಾರಿ ಪೂರ್ಣವಾದದ್ದೇ 1974ರಲ್ಲಿ.

ಈ ನಾಡಿಗೆ ಜೀಪು ಬಂದದ್ದು ಯುದ್ಧದ ನೆಪದಲ್ಲಿ. 1940ರ ಮೇ ತಿಂಗಳಲ್ಲಿ ಬ್ರಿಟಿಷರು ದ್ವೀಪವನ್ನು ಹಿಡಿದರು. ಮರುವರ್ಷ ಜುಲೈಯಲ್ಲಿ ಅಮೆರಿಕದ ಪಡೆ ಬಂತು, ಅದರ ಬೆನ್ನಿಗೆ ವಿಲ್ಲೀಸ್ ಜೀಪೂ ಬಂತು. ಯುದ್ಧ ಮುಗಿದ ಮೇಲೆ ರೈತರು ಅದನ್ನು ಬಿಡಲಿಲ್ಲ. ಹೆಸರನ್ನೂ ತಮ್ಮ ಭಾಷೆಗೆ ಒಗ್ಗಿಸಿಕೊಂಡು ‘ಜೆಪ್ಪಿ’ ಎಂದರು. ಅದೇ ಕಾಲದಲ್ಲಿ ಅದೇ ಜೀಪು ನಮ್ಮ ಮಲೆನಾಡಿಗೂ ಕೊಡಗಿಗೂ ಬಂದು ಕಾಫಿ ತೋಟಗಳ ಸಂಗಾತಿಯಾಯಿತು. ಮಳೆಗಾಲದ ಕೆಸರಿನಲ್ಲಿ ನಮ್ಮವರು ಚಕ್ರಕ್ಕೆ ಚೈನು ಕಟ್ಟಿಕೊಂಡರು. ಹಿಮದ ನಾಡಿನವರು ಗಾಳಿ ಬಿಡುವ ದಾರಿ ಹಿಡಿದರು. ಕೆಸರಿನ ಅಡಿಯಲ್ಲಿ ಎಲ್ಲೋ ಗಟ್ಟಿ ನೆಲ ಇರುತ್ತದೆ, ಚೈನು ಅದನ್ನು ಕಚ್ಚುತ್ತದೆ. ಹತ್ತಾರು ಅಡಿ ಆಳದ ಹಿಮದಲ್ಲಿ ಕಚ್ಚಲು ಏನೂ ಸಿಗದು. ಅಲ್ಲಿ ತೇಲಬೇಕು.

ಆದರೆ ಆ ಉಪಾಯ ಕೈಗೆ ಬರುವ ಮೊದಲು ಹಿಮ ಐಸ್‌ಲೆಂಡಿನವರಿಗೆ ಒಂದು ದೊಡ್ಡ ಪಾಠ ಕಲಿಸಿತ್ತು. 1950ರ ಸೆಪ್ಟೆಂಬರ್ 14ರಂದು ಲಕ್ಸೆಂಬರ್ಗ್‌ನಿಂದ ರೇಕ್ಯವಿಕ್‌ಗೆ ಬರುತ್ತಿದ್ದ ಲಾಫ್ಟ್‌ಲೇದಿರ್ ಕಂಪನಿಯ ‘ಗೇಸಿರ್’ ಎಂಬ ವಿಮಾನ ವತ್ನಯೋಕುಲ್ ಎಂಬ ಮಹಾ ಹಿಮನದಿಯ ನೆತ್ತಿಗೆ ಬಿತ್ತು. ಒಳಗಿದ್ದ ಆರು ಮಂದಿ ಸಿಬ್ಬಂದಿಯೂ ಬದುಕಿದ್ದರು. ನಾಲ್ಕು ದಿನಗಳ ನಂತರ, ತೇಲುದೋಣಿಯಲ್ಲಿದ್ದ ತುರ್ತು ರೇಡಿಯೊದ ಸದ್ದು ಹೊರಜಗತ್ತಿಗೆ ಕೇಳಿಸಿತು. ಅವರನ್ನು ಕರೆತರಲು ಅಮೆರಿಕದ ವಾಯುಪಡೆಯ ಸಿ-47 ವಿಮಾನವೊಂದು ಸ್ಕೀ ಕಟ್ಟಿಕೊಂಡು ಹಿಮದ ಮೇಲೆ ಇಳಿಯಿತು. ಇಳಿದದ್ದು ಮತ್ತೆ ಏಳಲೇ ಇಲ್ಲ. ಕಡೆಗೆ ಆಕುರೇರಿ ಎಂಬ ಉತ್ತರದ ಊರಿನ ಸ್ವಯಂಸೇವಕರು ಹಿಮನದಿಯ ಅಂಚಿನವರೆಗೆ ವಾಹನದಲ್ಲಿ ಬಂದು, ಅಲ್ಲಿಂದ ಕಾಲ್ನಡಿಗೆಯಲ್ಲಿ ಹತ್ತಿ, ಬಿದ್ದವರನ್ನೂ ಅವರನ್ನು ಕಾಪಾಡಲು ಬಂದವರನ್ನೂ ಒಟ್ಟಿಗೇ ಕೆಳಗಿಳಿಸಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಬಿಟ್ಟುಬಂದ ಸಿ-47ನ್ನು ಅಮೆರಿಕದವರಿಂದ ಅಲ್ಪ ಬೆಲೆಗೆ ಕೊಂಡ ಲಾಫ್ಟ್‌ಲೇದಿರ್‌ನವರು 1951ರ ವಸಂತದಲ್ಲಿ ಬುಲ್ಡೋಜರುಗಳೊಂದಿಗೆ ಹಿಮನದಿ ಹತ್ತಿದರು. ಚಳಿಗಾಲದ ಹಿಮ ವಿಮಾನವನ್ನು ಪೂರ್ತಿ ನುಂಗಿತ್ತು. ಕಂಪನಿಯ ಸ್ಥಾಪಕರಲ್ಲೊಬ್ಬರಾದ ಆಲ್ಫ್ರೆದ್ ಎಲಿಯಾಸನ್ ಅವರ ತಂಡ ಅದನ್ನು ಅಗೆದು ತೆಗೆದು, ಇಳಿಜಾರಿಗೆ ಎಳೆದು, ಎಂಜಿನ್ ಚಾಲೂ ಮಾಡಿ ರೇಕ್ಯವಿಕ್‌ಗೆ ಹಾರಿಸಿಕೊಂಡು ಹೋಯಿತು. ಹಾನಿಯಿಂದ ತತ್ತರಿಸಿದ್ದ ಕಂಪನಿಗೆ ಆ ವಿಮಾನ ಮಾರಿ ಬಂದ ಹಣ ದೊಡ್ಡ ಆಸರೆಯಾಯಿತು. ಹೂತ ವಾಹನವನ್ನು ಹೊರತೆಗೆದ ಕಥೆಗಳಲ್ಲಿ ಇದಕ್ಕೆ ಸಾಟಿಯಾದದ್ದು ನನಗೆ ಗೊತ್ತಿಲ್ಲ.

ಅದೇ 1951ರಲ್ಲಿ ಫ್ರೆಂಚರೂ ಐಸ್‌ಲೆಂಡಿನವರೂ ಕೂಡಿ ‘ವೀಸೆಲ್’ ಎಂಬ ಪಟ್ಟಿಚಕ್ರದ ಬಂಡಿಗಳಲ್ಲಿ ವತ್ನಯೋಕುಲ್ ಮೇಲೆ ಅಲೆದು ಹಿಮದ ದಪ್ಪವನ್ನು ಅಳೆದರು. ಆ ತಂಡದ ಫ್ರೆಂಚ್ ವಿಜ್ಞಾನಿ ಅಲೆ ಜೊಸೆ ಕೆಲವೇ ತಿಂಗಳುಗಳ ಬಳಿಕ ಗ್ರೀನ್‌ಲೆಂಡಿನಲ್ಲಿ ತೀರಿಕೊಂಡರು. ಅವರೂ ಡೆನ್ಮಾರ್ಕಿನ ಜೊತೆಗಾರರೊಬ್ಬರೂ ಇದ್ದ ವೀಸೆಲ್ ಹಿಮದ ಬಿರುಕಿನೊಳಗೆ ಬಿದ್ದಿತ್ತು. ತೆಳುವಾದ ಹಿಮದ ಸೇತುವೆ ಮುಚ್ಚಿಕೊಂಡ ಬಿರುಕು ಮೇಲಿನಿಂದ ಕಾಣುವುದಿಲ್ಲ. ಹಿಮದ ಮೇಲೆ ತೇಲುವುದನ್ನು ಕಲಿತವರಿಗೂ ಈ ಅಪಾಯ ತಪ್ಪಿಲ್ಲ.

ದೊಡ್ಡ ಟೈರುಗಳ ಯುಗ ಶುರುವಾದದ್ದು 1980ರ ಹೊತ್ತಿಗೆ. ಅಮೆರಿಕದಿಂದ ತರಿಸಿದ ಅಗಲ ಟೈರನ್ನು ಕೂರಿಸಲು ಜೀಪಿನ ಮಡ್‌ಗಾರ್ಡು ಕತ್ತರಿಸಬೇಕು, ಆ್ಯಕ್ಸಲ್ ಸರಿಸಬೇಕು, ಗೇರಿನ ಅನುಪಾತ ಬದಲಿಸಬೇಕು. ಇದೆಲ್ಲ ಮನೆಯ ಗ್ಯಾರೇಜುಗಳಲ್ಲೇ ನಡೆಯಿತು. 1983ರಲ್ಲಿ ‘ಫೋರ್ ಬೈ ಫೋರ್’ ಪ್ರವಾಸ ಕ್ಲಬ್ಬು ಹುಟ್ಟಿತು. ಬದಲಾಯಿಸಿದ ವಾಹನಗಳ ವಿಚಾರದಲ್ಲಿ ಸರ್ಕಾರದೊಂದಿಗೆ ಮಾತಾಡುವುದು, ಒಳನಾಡಿನ ಬೆಟ್ಟಗಳ ಮೇಲೆ ರೇಡಿಯೊ ಮರುಪ್ರಸಾರ ಕೇಂದ್ರಗಳನ್ನು ನಿಲ್ಲಿಸುವುದು, ತಂಗಲು ಗುಡಿಸಲು ಕಟ್ಟುವುದು ಎಲ್ಲವೂ ಕ್ಲಬ್ಬಿನ ಕೆಲಸವಾಯಿತು. ಮೊಬೈಲ್ ಫೋನು ಇಲ್ಲದ ಆ ದಿನಗಳಲ್ಲಿ ಬಿರುಗಾಳಿಗೆ ಸಿಕ್ಕ ತಂಡಕ್ಕೆ ರೇಡಿಯೊ ಒಂದೇ ದಿಕ್ಕು.

ಕ್ಲಬ್ಬಿನ ಪ್ರಯಾಣ ನೋಡಲು ಬಲು ನಿಧಾನ. ರಸ್ತೆ ಮುಗಿದಲ್ಲಿ ಎಲ್ಲರೂ ಇಳಿದು ವಾಲ್ವ್ ಬಿಚ್ಚುತ್ತಾರೆ, ಸುತ್ತ ಹಾವು ಬುಸುಗುಟ್ಟಿದಂಥ ಸದ್ದು. ನಂತರ ಒಂದು ಜೀಪು ಮುಂದೆ ಹೋಗಿ ಹಿಮದಲ್ಲಿ ದಾರಿ ಒತ್ತುತ್ತದೆ, ಉಳಿದವು ಅದೇ ಗುರುತಿನಲ್ಲಿ ಹಿಂಬಾಲಿಸುತ್ತವೆ. ಮುಂದಿನ ಗಾಡಿಯದೇ ಕಷ್ಟವಾದ್ದರಿಂದ ಆಗಾಗ ಸರದಿ ಬದಲಾಗುತ್ತದೆ. ಕೆಲವೊಮ್ಮೆ ಜೀಪು ಮನುಷ್ಯನ ನಡಿಗೆಗಿಂತಲೂ ನಿಧಾನ. ಚಕ್ರ ತಿರುಗಿ ಹಿಮ ಕೆದರಿದರೆ ಗುಂಡಿ ಬೀಳುತ್ತದೆ. ಆದ್ದರಿಂದ ಕೆಳಗಿನ ಗೇರಿನಲ್ಲಿ, ಹಾಲಿನ ಪಾತ್ರೆ ಹೊತ್ತವನ ಹಾಗೆ ನಾಜೂಕಾಗಿ ಓಡಿಸಬೇಕು. ಆಕಾಶ, ನೆಲ ಎರಡೂ ಬೆಳ್ಳಗೆ ಒಂದಾಗಿ ಬಾನೆತ್ತರ ತಿಳಿಯದಾದಾಗ ಹಿಂದೆ ದಿಕ್ಸೂಚಿಯೇ ಗತಿ. 1990ರ ದಶಕದಲ್ಲಿ ಜಿಪಿಎಸ್ ಬಂದು ಆ ಕಷ್ಟ ಎಷ್ಟೋ ಇಳಿಯಿತು.

ಹೂತುಹೋಗುವುದಂತೂ ಖಂಡಿತ. ಮೊದಲ ಉಪಾಯ, ಬಂದ ಗುರುತಿನಲ್ಲೇ ಹಿಂದೆ ಸರಿಯುವುದು. ಎರಡನೆಯದು ಸಲಿಕೆ, ಜೀಪಿನ ಹೊಟ್ಟೆಯ ಕೆಳಗೆ ಒತ್ತಿ ಕುಳಿತ ಹಿಮವನ್ನು ಬಿಡಿಸಿ ತೆಗೆಯುವುದು. ಮೂರನೆಯದು ಹಗ್ಗ. ನೈಲಾನಿನ ದಪ್ಪ ಹಗ್ಗವನ್ನು ಎರಡು ಗಾಡಿಗಳಿಗೂ ಕಟ್ಟಿ, ತುಸು ಸಡಿಲ ಬಿಟ್ಟು, ಎಳೆಯುವ ಜೀಪು ಮುಂದಕ್ಕೆ ಓಡುತ್ತದೆ. ಹಗ್ಗ ರಬ್ಬರಿನಂತೆ ಹಿಗ್ಗಿ ಶಕ್ತಿಯನ್ನು ತುಂಬಿಕೊಂಡು, ಹೂತ ಗಾಡಿಯನ್ನು ಮೆಲ್ಲಗೆ ಆದರೆ ಬಲವಾಗಿ ಕೀಳುತ್ತದೆ. ಹಿಗ್ಗದ ಉಕ್ಕಿನ ತಂತಿಯಿಂದ ಹೀಗೆ ಜಗ್ಗಿದರೆ ಚಾಸಿಯೇ ಬಿರಿಯಬಹುದು. ಹಗ್ಗ ಕಟ್ಟಿದ ಕೊಕ್ಕೆ ಮುರಿದರೆ ಅದು ಗುಂಡಿನಂತೆ ಹಾರುತ್ತದೆ. ಜಗತ್ತಿನ ಬೇರೆಬೇರೆ ಕಡೆ ಹೀಗೆ ಪ್ರಾಣ ಹೋದದ್ದುಂಟು. ಅದಕ್ಕೇ ಹಗ್ಗ ಬಿಗಿಯುವಾಗ ಸುತ್ತ ನಿಂತವರನ್ನೆಲ್ಲ ದೂರ ಅಟ್ಟುತ್ತಾರೆ.

ಜೊತೆ ಗಾಡಿಯಿಂದಲೂ ಆಗದಿದ್ದರೆ ವಿಂಚ್ ಎಂಬ ರಾಟೆ. ನಮ್ಮ ಕಾಡಿನಲ್ಲಾದರೆ ಅದರ ತಂತಿಯನ್ನು ಮರಕ್ಕೆ ಕಟ್ಟಬಹುದು. ಐಸ್‌ಲೆಂಡಿನ ಒಳನಾಡಿನಲ್ಲಿ ಮರವೆಲ್ಲಿ? ಹಿಮದಲ್ಲಿ ಗುಂಡಿ ತೋಡಿ ಸ್ಟೆಪ್ನಿಯನ್ನೇ ಅಡ್ಡಲಾಗಿ ಹೂತು ಗೂಟ ಮಾಡಿಕೊಳ್ಳುತ್ತಾರೆ. ಗಾಳಿ ಕಡಿಮೆಯಾದ ಟೈರು ರಿಮ್ಮಿನಿಂದ ಕಳಚಿಕೊಳ್ಳುವುದು ಇನ್ನೊಂದು ಪೀಡೆ. ಅದಕ್ಕೆ ಒಳಗೆ ಬೇಗ ಹೊತ್ತುವ ದ್ರವ ಸಿಂಪಡಿಸಿ ಕಿಡಿ ತಾಗಿಸಿ, ‘ಢಂ’ ಎಂದು ಟೈರನ್ನು ರಿಮ್ಮಿಗೆ ಕೂರಿಸುವ ಭಯಂಕರ ಚಿಕಿತ್ಸೆಯೊಂದಿದೆ. ಅನುಭವವಿಲ್ಲದವರು ಹತ್ತಿರವೂ ಸುಳಿಯಬಾರದ ವಿದ್ಯೆ ಅದು.

ಅವರು ನಿಜವಾಗಿ ಹೆದರುವುದು ‘ಕ್ರಾಪಿ’ಗೆ. ಮೇಲೆ ಹಿಮ, ಅಡಿಯಲ್ಲಿ ನೀರು ಕೂಡಿಕೊಂಡ ಅಂಬಲಿಯಂಥ ರಾಡಿ ಅದು. ಕಣ್ಣಿಗೆ ಬಯಲಿನಂತೆಯೇ ಕಾಣುತ್ತದೆ. ಅದರೊಳಕ್ಕೆ ಇಳಿದ ಜೀಪು ತೇಲುವುದೂ ಇಲ್ಲ, ನೆಲ ಮುಟ್ಟುವುದೂ ಇಲ್ಲ. ಸೊಂಟದವರೆಗೆ ಕೊರೆಯುವ ನೀರಿನಲ್ಲಿ ನಿಂತು ಹಗ್ಗ ಕಟ್ಟಬೇಕು. ರಾತ್ರಿಯಾದರೆ ಬ್ರೇಕೂ ಚಕ್ರವೂ ಹೆಪ್ಪುಗಟ್ಟಿ ಒಂದಾಗುತ್ತವೆ. ಒಂಟಿ ಗಾಡಿಗೆ ಇಂಥಲ್ಲಿ ಸಿಕ್ಕುವುದೆಂದರೆ ಸಾವಿಗೆ ಸಿಕ್ಕಂತೆ. ಹೂತುಹೋಗುವುದು ನಗುವ ವಿಷಯ, ಒಂಟಿಯಾಗಿ ಹೊರಡುವುದು ಬೈಸಿಕೊಳ್ಳುವ ವಿಷಯ.

ಈ ಹವ್ಯಾಸದ ಬೆಲೆ ತಿಳಿಯಬೇಕಾದರೆ ಅಲ್ಲಿನ ರಕ್ಷಣಾ ವ್ಯವಸ್ಥೆಯನ್ನು ನೋಡಬೇಕು. ಐಸ್‌ಲೆಂಡಿಗೆ ಸ್ವಂತ ಸೈನ್ಯವಿಲ್ಲ. ಬೆಟ್ಟದಲ್ಲಿ, ಹಿಮದಲ್ಲಿ ಕಳೆದುಹೋದವರನ್ನು ಹುಡುಕುವುದು ಸಂಬಳವಿಲ್ಲದ ಸ್ವಯಂಸೇವಕರು. 1928ರಲ್ಲಿ ಕಡಲಪಘಾತಗಳಿಗೆಂದು ಹುಟ್ಟಿದ ಸಂಘವೂ ಬೆಟ್ಟಗಾಡಿನ ರಕ್ಷಣಾ ಸಂಘಟನೆಯೂ 1999ರಲ್ಲಿ ಒಂದಾಗಿ ‘ಲಾಂಡ್ಸ್‌ಬ್ಯೋರ್ಗ್’ ಎಂಬ ದೇಶವ್ಯಾಪಿ ಸಂಸ್ಥೆಯಾಯಿತು. ಅದರ ಹಣದ ದೊಡ್ಡ ಮೂಲ ಹೊಸವರ್ಷದ ಹಿಂದಿನ ದಿನಗಳಲ್ಲಿ ನಡೆಯುವ ಪಟಾಕಿ ಮಾರಾಟ! ಕರೆ ಬಂದ ರಾತ್ರಿ ಬಡಗಿ, ಮೇಷ್ಟ್ರು, ಬ್ಯಾಂಕಿನ ಗುಮಾಸ್ತ ಎದ್ದು ಹೊರಡುತ್ತಾರೆ. ಅವರು ಹತ್ತುವ ದೊಡ್ಡ ಟೈರಿನ ಜೀಪು, ಅದನ್ನು ಓಡಿಸುವ ಚಾಕಚಕ್ಯತೆ ಎರಡೂ ವಾರದ ಬಿಡುವಿನ ಆಟದಲ್ಲಿ ಪಳಗಿದಂಥವು.

ಅಷ್ಟಾದರೂ ಹಿಮ ಕೆಲವೊಮ್ಮೆ ಗೆಲ್ಲುತ್ತದೆ. 2010ರ ಜನವರಿಯಲ್ಲಿ ಲಾಂಗ್‌ಯೋಕುಲ್ ಹಿಮನದಿಯ ಮೇಲೆ ಜೀಪಿನಿಂದ ಇಳಿದು ನಡೆದ ತಾಯಿ, ಮಗ ಬಿರುಕಿಗೆ ಬಿದ್ದರು. ಮಗುವನ್ನು ಜೀವಂತ ಮೇಲೆತ್ತಲಾಯಿತು, ತಾಯಿ ಉಳಿಯಲಿಲ್ಲ. ಜೀಪು ದಾಟಬಲ್ಲ ಹಿಮವನ್ನು ಮನುಷ್ಯನ ಪಾದ ತೂರಿಹೋಗಬಹುದು, ಮೊದಲು ಹೇಳಿದ ಲೆಕ್ಕದ ಕರಾಳ ಮುಖ ಇದು. ಆಮೇಲಿನ ವರ್ಷಗಳಲ್ಲಿ ಹಿಮನದಿಗಳ ಬಿರುಕು ವಲಯಗಳ ನಕ್ಷೆಗಳು ಜನರ ಕೈಗೆ ಬಂದವು.

ಗ್ಯಾರೇಜಿನ ಈ ವಿದ್ಯೆ ದಕ್ಷಿಣ ಧ್ರುವಕ್ಕೂ ಹೋಗಿದೆ. 1908ರಲ್ಲಿ ಅರ್ನೆಸ್ಟ್ ಶಾಕಲ್ಟನ್ ಅಂಟಾರ್ಕ್ಟಿಕಕ್ಕೆ ಮೊದಲ ಮೋಟಾರು ಕಾರನ್ನು ಒಯ್ದಿದ್ದ. ಆ ಆರೋಲ್-ಜಾನ್‌ಸ್ಟನ್ ಗಾಡಿ ಹೆಪ್ಪುಗಟ್ಟಿದ ಕಡಲ ಮೇಲೆ ಓಡಿತು, ಮೆತ್ತನೆಯ ಹಿಮ ಬಂದೊಡನೆ ಕುಸಿಯಿತು. ಸುಮಾರು ನೂರಾಎಂಟು ವರ್ಷಗಳ ಬಳಿಕ, 2016ರ ಡಿಸೆಂಬರಿನಲ್ಲಿ, ಅವನ ಮರಿಮಗ ಪ್ಯಾಟ್ರಿಕ್ ಬರ್ಗೆಲ್ ಒಂದು ಹ್ಯುಂಡೈ ಸಾಂಟಾ ಫೆ ಕಾರಿನಲ್ಲಿ ಆ ಖಂಡವನ್ನು ದಾಟಿ ಮರಳಿದರು. 30 ದಿನ, ಸುಮಾರು 5,800 ಕಿ.ಮೀ. ಕಾರನ್ನು ಸಜ್ಜುಗೊಳಿಸಿದವರು ಆರ್ಕ್ಟಿಕ್ ಟ್ರಕ್ಸ್ ಎಂಬ ಐಸ್‌ಲೆಂಡಿನ ಸಂಸ್ಥೆಯವರು. ದೊಡ್ಡ ಟೈರು, ಕಡಿಮೆ ಗಾಳಿ, ಅದೇ ಉಪಾಯ.

ಇಷ್ಟೆಲ್ಲ ಓಡಾಟಕ್ಕೆ ಒಂದು ಕಟ್ಟುನಿಟ್ಟಾದ ಗಡಿಯಿದೆ. ಐಸ್‌ಲೆಂಡಿನಲ್ಲಿ ರಸ್ತೆ ಬಿಟ್ಟು ಗಾಡಿ ಓಡಿಸುವುದು ಅಪರಾಧ. ಹಿಮನದಿಯ ಮೇಲೆ, ಮತ್ತು ನೆಲ ಹೆಪ್ಪುಗಟ್ಟಿ ಹಿಮ ಹೊದ್ದಿರುವಾಗ ಮಾತ್ರ ವಿನಾಯಿತಿ. 1999ರ ನಿಸರ್ಗ ಸಂರಕ್ಷಣಾ ಕಾನೂನಿನಲ್ಲೂ ಅದರ ಬದಲಿಗೆ ಬಂದ 2013ರ ಕಾನೂನಿನಲ್ಲೂ ಈ ಮಾತಿದೆ. ಕಾರಣ ಪಾಚಿ. ಲಾವಾ ಬಂಡೆಗಳ ಮೇಲೆ ಬೆಳೆದ ಮೆತ್ತನೆಯ ಪಾಚಿಯ ಮೇಲೆ ಒಮ್ಮೆ ಚಕ್ರ ಹರಿದರೆ ಆ ಗಾಯ ಮಾಯಲು ದಶಕಗಳು ಬೇಕು. ಹಿಮದ ಮೇಲಿನ ಗುರುತನ್ನಾದರೆ ಮುಂದಿನ ಗಾಳಿಯೇ ಅಳಿಸಿಬಿಡುತ್ತದೆ.

ಆದರೆ ಹಿಮವೇ ಈಗ ಹಿಂಜರಿಯುತ್ತಿದೆ. ಲಾಂಗ್‌ಯೋಕುಲ್‌ನ ನೆರೆಯಲ್ಲೇ ಇದ್ದ ‘ಓಕ್’ ಎಂಬ ಹಿಮನದಿ ತೀರಾ ಕರಗಿ, ಹರಿಯುವ ಶಕ್ತಿಯನ್ನೂ ಕಳೆದುಕೊಂಡಿತು. 2014ರಲ್ಲಿ ವಿಜ್ಞಾನಿಗಳು ಅದನ್ನು ಹಿಮನದಿಗಳ ಪಟ್ಟಿಯಿಂದ ಕೈಬಿಟ್ಟರು. 2019ರ ಆಗಸ್ಟಿನಲ್ಲಿ ಜನ ಬೆಟ್ಟ ಹತ್ತಿ ಹೋಗಿ ಅಲ್ಲಿನ ಬಂಡೆಗೆ ಒಂದು ಸ್ಮಾರಕ ಫಲಕ ಜಡಿದು ಬಂದರು. ಉಳಿದ ಹಿಮನದಿಗಳ ಅಂಚುಗಳೂ ಹಿಂದೆ ಸರಿಯುತ್ತಿವೆ. ಒಂದು ಕಾಲಕ್ಕೆ ಜೀಪುಗಳು ಹಿಮಕ್ಕೆ ಏರುತ್ತಿದ್ದ ಜಾಗಗಳಲ್ಲಿ ಇಂದು ಬರಿಯ ಕಲ್ಲೂ ಕೆಸರೂ ಮೇಲೆ ಬಂದಿವೆ, ಆ ನೆಲದ ಮೇಲೆ ಚಕ್ರ ಇಡಲು ಕಾನೂನಿನ ಅನುಮತಿ ಇಲ್ಲ.