ಕೂಸು ಸುಮ್ಮನಾದಾಗ

ಎರಡು ವರ್ಷದ ಹಿಂದಿನ ಮಾತು. ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗ್ ನಡೀತಿತ್ತು. ಹೆರಿಗೆಗೆ ಅಂತ ಗಂಗಾವತಿಗೆ, ತವರಿಗೆ ಹೋಗಿದ್ದ ಹೆಂಡತಿಯ ಫೋನು. "ಬೆಳಿಗ್ಗೆಯಿಂದ ಕೂಸು ಮೊದಲಿನಂಗ ಆಡವಲ್ದು ರೀ." ಏನು ಹೇಳಬೇಕೋ ತಿಳಿಯದೆ ಕನಕಗಿರಿಯಲ್ಲಿದ್ದ ಅವ್ವನಿಗೆ ಫೋನ್ ಹಚ್ಚಿದೆ. "ನಾಳಿ ಅನಬ್ಯಾಡ. ಈಗ್ಲೇ ದವಾಖಾನಿಗೆ ಹೋಗಂತ ಹೇಳು" ಅಂದಳು.

ಯಾಕೆ ಅಂತ ಆಮೇಲೆ ಗೊತ್ತಾಯಿತು. ನನಗಿಂತ ಮುಂಚೆ ಅವ್ವನಿಗೊಂದು ಹೆಣ್ಣುಕೂಸು ಆಗಿತ್ತು. ಒಂಬತ್ತನೇ ತಿಂಗಳಲ್ಲಿ ಒದೆಯೋದು ಕಮ್ಮಿಯಾದಾಗ ಹಿರಿಯರು "ದಿನ ತುಂಬ್ಯಾವ, ಒಳಗ ಜಾಗಿಲ್ಲ, ಅದಕ್ಕ ಸುಮ್ಮನೈತಿ" ಅಂದರಂತೆ. ಎರಡು ದಿನ ಕಾದರು. ಹುಟ್ಟಿದ ಕೂಸು ಅಳಲಿಲ್ಲ.

ಹೊಟ್ಟೆಯೊಳಗಿನ ಕೂಸಿನ ಕ್ಷೇಮವನ್ನು ಹೊರಗಿನಿಂದ ತಿಳಿಯೋದು ಹೇಗೆ? ನಮ್ಮ ಕಡೆ ಸೂಲಗಿತ್ತಿಯ ಕೈಯೇ ಯಂತ್ರವಾಗಿತ್ತು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅತ್ತ ಫ್ರಾನ್ಸಿನಲ್ಲಿ 1816ರಲ್ಲಿ ಲೆನೆಕ್ ಸ್ಟೆತಸ್ಕೋಪ್ ಕಂಡುಹಿಡಿದಿದ್ದ. ಐದು ವರ್ಷದ ನಂತರ ಕೆರ್ಗರಾಡೆಕ್ ಎಂಬ ವೈದ್ಯ, ನೀರಿನ ಸದ್ದು ಕೇಳಬಹುದು ಅಂತ ಅದನ್ನು ಬಸುರಿಯ ಹೊಟ್ಟೆಗಿಟ್ಟ. ಕೇಳಿದ್ದು ಕೂಸಿನ ಎದೆಬಡಿತ! 1895ರಲ್ಲಿ ಪಿನಾರ್ಡ್ ಅದಕ್ಕೆಂದೇ ಕಟ್ಟಿಗೆಯ ಕೊಳವೆ ಮಾಡಿದ. 1958ರಲ್ಲಿ ಅಮೆರಿಕದ ಎಡ್ವರ್ಡ್ ಹಾನ್ ಬಡಿತವನ್ನು ಎಲೆಕ್ಟ್ರಾನಿಕ್ ಯಂತ್ರದಿಂದ ದಾಖಲಿಸಿದ. ಇವತ್ತು ಆಸ್ಪತ್ರೆಯಲ್ಲಿ ಬೆಲ್ಟ್ ಕಟ್ಟಿ ತೆಗೆಯುವ ಸಿಟಿಜಿ ಬಂದದ್ದು ಹೀಗೆ. ಬಡಿತ ನಿಮಿಷಕ್ಕೆ 110ರಿಂದ 160ರ ನಡುವೆ ಇದೆಯಾ, ಕೂಸು ಅಲುಗಿದಾಗ ಏರುತ್ತದಾ ಅಂತ ಅದರಲ್ಲಿ ನೋಡ್ತಾರೆ.

ಆದರೆ ಈ ಯಂತ್ರ ಹೇಳೋದು ಆ ಹೊತ್ತಿನ ಸ್ಥಿತಿ ಮಾತ್ರ. ಉಳಿದ ಹೊತ್ತು ಕಾವಲು ತಾಯಿಯದೇ. ಅದನ್ನೇ ಲೆಕ್ಕಕ್ಕೆ ತರಲು 1976ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಪಿಯರ್ಸನ್ ಮತ್ತು ವೀವರ್ ಒಂದು ಚಾರ್ಟ್ ಕೊಟ್ಟರು: ಬೆಳಿಗ್ಗೆಯಿಂದ ಎಣಿಸಿ, 12 ತಾಸಿನಲ್ಲಿ ಹತ್ತು ಚಲನೆ ಆಗಬೇಕು. 1989ರಲ್ಲಿ 68,000 ಹೆಂಗಸರ ಮೇಲಿನ ಅಧ್ಯಯನ ಪ್ರಕಟವಾಯಿತು. ಎಲ್ಲರಿಗೂ ದಿನಾ ಎಣಿಸಲು ಹೇಳಿದ ಮಾತ್ರಕ್ಕೆ ಸಾವು ಕಮ್ಮಿಯಾಗಲಿಲ್ಲ. 2018ರಲ್ಲಿ ಬ್ರಿಟನ್, ಐರ್ಲೆಂಡಿನ ನಾಲ್ಕು ಲಕ್ಷ ಬಸಿರುಗಳ ಅಧ್ಯಯನವೂ ದೊಡ್ಡ ಲಾಭ ತೋರಿಸಲಿಲ್ಲ. ಸಿಸೇರಿಯನ್ ಮಾತ್ರ ಹೆಚ್ಚಾದವು.

ಹಾಗಂತ ತಾಯಿಯ ಮಾತು ಸುಳ್ಳು ಅಂತಲ್ಲ. ನಮ್ಮ ಸರ್ವರ್‌ಗಳ ವಿಷಯದಲ್ಲೂ ಹಿಂಗೇ. ಎಲ್ಲಕ್ಕೂ ಒಂದೇ ಮಿತಿ ಇಟ್ಟರೆ ಅಲರ್ಟ್ ತಪ್ಪುತ್ತದೆ; ಪ್ರತಿಯೊಂದರ ರೂಢಿ ಗೊತ್ತಿದ್ದರೆ ಬದಲಾವಣೆ ಸಿಗುತ್ತದೆ. ಅದಕ್ಕೇ ಈಗ ಹಲವು ವೈದ್ಯರು ಹತ್ತು ಅನ್ನೋ ಅಂಕಿಗಿಂತ "ನಿಮ್ಮ ಕೂಸಿನ ರೂಢಿ ಬದಲಾಯಿತಾ?" ಅಂತ ಕೇಳ್ತಾರೆ. ದಿನ ತುಂಬಿದಾಗ ಕೂಸು ಸುಮ್ಮನಾಗೋದು ಸಹಜ ಅನ್ನೋದು ತಪ್ಪು. ಕಮ್ಮಿ ಅನ್ನಿಸಿದರೆ ಅವತ್ತೇ ಹೋಗಬೇಕು, ರಾತ್ರಿಯಾದರೂ. ಕರ್ನಾಟಕದಲ್ಲಿ 2008ರಿಂದ 108 ಇದೆ. ಅವ್ವನ ಕಾಲಕ್ಕೆ ಅದೂ ಇರಲಿಲ್ಲ.

ಅವತ್ತು ಹೆಂಡತಿಗೆ ಬೆಲ್ಟ್ ಕಟ್ಟಿ ನೋಡಿದರು, ಸ್ಕ್ಯಾನ್ ಮಾಡಿದರು. ಎಲ್ಲಾ ಸರಿಯಿತ್ತು. "ಸುಮ್ನೆ ಓಡಿ ಬಂದ್ವಿ" ಅಂತ ಅವಳು ನಾಚಿಕೊಂಡಾಗ ಡಾಕ್ಟರು "ಮತ್ತೆ ಹಿಂಗಾದ್ರೆ ಮತ್ತೆ ಬನ್ನಿ" ಅಂದರಂತೆ.

ಮಗಳು ಈಗ ಮನೆ ತುಂಬಾ ಓಡಾಡ್ತಾಳೆ. ಅವ್ವ ಆ ಮೊದಲ ಕೂಸಿನ ಮಾತು ಮತ್ತೆ ಎತ್ತಿಲ್ಲ.