ಮೈಮೇಲೆ ಧರಿಸುವ ಡಿಫಿಬ್ರಿಲೇಟರ್: ಕೋಲ್ಕತ್ತದ ಸೆಖೆಯಲ್ಲಿ ಬಳಸುವವರಿಗೆ

ಹೃದಯಾಘಾತದ ನಂತರ ಮನೆಗೆ ಕಳುಹಿಸುವಾಗ ವೈದ್ಯರು ನಿಮಗೆ ಒಳಅಂಗಿಯಂಥ ಒಂದು ಸಾಧನವನ್ನು ಸೂಚಿಸಿರಬಹುದು. ಹೃದಯ ಬಡಿತದ ಲಯ ಪ್ರಾಣಾಪಾಯವಾಗುವಷ್ಟು ತಪ್ಪಿದರೆ ಇದು ತಾನಾಗಿಯೇ ಗುರುತಿಸಿ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಶಾಕ್ ಕೊಡುತ್ತದೆ. ಶಸ್ತ್ರಚಿಕಿತ್ಸೆ ಬೇಕಿಲ್ಲ. ಆದರೆ ಹೊಸ ಹೃದಯಾಘಾತವನ್ನು ಇದು ತಡೆಯುವುದಿಲ್ಲ, ಮಾತ್ರೆಗಳನ್ನು ನಿಲ್ಲಿಸಬೇಡಿ.

ಇದು ತಾತ್ಕಾಲಿಕ ರಕ್ಷಣೆ. ಹೃದಯದ ಪಂಪ್ ಮಾಡುವ ಶಕ್ತಿ (ಇಜೆಕ್ಷನ್ ಫ್ರ್ಯಾಕ್ಷನ್) ಶೇ. 35 ಅಥವಾ ಅದಕ್ಕಿಂತ ಕಡಿಮೆ ಇದ್ದರೂ, ಎದೆಯೊಳಗೆ ಶಾಶ್ವತ ಸಾಧನ (ಐಸಿಡಿ) ಅಳವಡಿಸಲು ಹೃದಯಾಘಾತದ ನಂತರ ಸಾಮಾನ್ಯವಾಗಿ 40 ದಿನ, ಬೈಪಾಸ್ ಅಥವಾ ಸ್ಟೆಂಟ್ ಆಗಿದ್ದರೆ 90 ದಿನ ಕಾಯುತ್ತಾರೆ. ಅಷ್ಟರಲ್ಲಿ ಹೃದಯ ಚೇತರಿಸಿಕೊಂಡರೆ ಐಸಿಡಿ ಬೇಕಾಗದೆಯೂ ಇರಬಹುದು.

ಧರಿಸಿದರೆ ಮಾತ್ರ ಉಪಯೋಗ. 2018ರಲ್ಲಿ ಪ್ರಕಟವಾದ ವೆಸ್ಟ್ ಅಧ್ಯಯನದಲ್ಲಿ ಸಾಧನ ಪಡೆದ ಗುಂಪಿನಲ್ಲಿ ತೀರಿಕೊಂಡ 48 ಜನರ ಪೈಕಿ ಆ ಹೊತ್ತಿಗೆ ಅದನ್ನು ಧರಿಸಿದ್ದವರು 12 ಮಂದಿ ಮಾತ್ರ. ಲಯ ತಪ್ಪಿ ಆಗುವ ಸಾವು ಸ್ಪಷ್ಟವಾಗಿ ಕಡಿಮೆಯಾಯಿತೆಂದು ಆ ಅಧ್ಯಯನ ತೋರಿಸಲಿಲ್ಲ ಎಂಬುದೂ ನಿಮಗೆ ತಿಳಿದಿರಲಿ. ನಿಮ್ಮ ವಿಷಯದಲ್ಲಿ ಇದರ ಅಗತ್ಯವೆಷ್ಟು ಎಂದು ವೈದ್ಯರನ್ನು ನೇರವಾಗಿ ಕೇಳಿ. ಬಾಡಿಗೆ, ವಿಮೆ, ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಬಿಡುಗಡೆಗೆ ಮುನ್ನವೇ ಕೇಳಿಕೊಳ್ಳಿ.

ಜನ ಇದನ್ನು ಕಳಚಿಡಲು ಒಂದು ದೊಡ್ಡ ಕಾರಣ ತುರಿಕೆ. ಏಪ್ರಿಲ್‌ನಿಂದ ಮಳೆಗಾಲ ಮುಗಿಯುವವರೆಗೆ ಕೋಲ್ಕತ್ತದ ಬೆವರು ನಿಮಗೆ ಗೊತ್ತೇ ಇದೆ. ಅಂಗಿ ಚರ್ಮಕ್ಕೆ ನೇರವಾಗಿ ತಾಗಬೇಕು, ಒಳಗೆ ಬನಿಯನ್ ಬೇಡ. ಬೆವರುಸಾಲೆಯ ಪೌಡರ್, ಲೋಷನ್, ಸ್ನಾನಕ್ಕೆ ಮುಂಚೆ ಹಚ್ಚುವ ಸಾಸಿವೆ ಎಣ್ಣೆ ಇವೆಲ್ಲ ಎದೆಬಡಿತ ಗುರುತಿಸುವ ಸೆನ್ಸರ್‌ಗಳಿಗೆ ಅಡ್ಡಿ. ಎರಡು ಅಂಗಿಗಳಿದ್ದರೆ ಒಂದನ್ನು ಒಗೆದು ಒಣಗಿಸುವಾಗ ಇನ್ನೊಂದನ್ನು ತೊಡಬಹುದು. ಒಗೆಯುವ ಮುನ್ನ ಸೆನ್ಸರ್, ಪ್ಯಾಡ್‌ಗಳನ್ನು ತೆಗೆಯಲೇಬೇಕು. ಸ್ನಾನಕ್ಕೆ ಮಾತ್ರ ಕಳಚಿ. ಆಗ ಮನೆಯಲ್ಲಿ ಇನ್ನೊಬ್ಬರಿರಲಿ, ಬಚ್ಚಲಿನ ಚಿಲಕ ಹಾಕಬೇಡಿ.

ಎರಡು ಬ್ಯಾಟರಿಗಳಲ್ಲಿ ಒಂದು ಮೈಮೇಲೆ, ಇನ್ನೊಂದು ಚಾರ್ಜರ್‌ನಲ್ಲಿ. ದಿನವೂ ಒಂದೇ ಹೊತ್ತಿಗೆ ಬದಲಿಸಿ. ಕಾಲಬೈಶಾಖಿ ಬಿರುಗಾಳಿಗೆ ಕರೆಂಟ್ ಹೋಗುವ ಬಡಾವಣೆಯಾದರೆ ಚಾರ್ಜರ್ ಇನ್ವರ್ಟರ್ ಲೈನಿನಲ್ಲಿರಲಿ.

ಅಲಾರಂ ಹೊಡೆದಾಗ ನಿಮಗೆ ಎಚ್ಚರವಿದ್ದರೆ ಪ್ರತಿಕ್ರಿಯೆ ಗುಂಡಿಗಳನ್ನು ಒತ್ತಿ ಹಿಡಿಯಿರಿ, ಶಾಕ್ ತಡೆಯುತ್ತದೆ. ಅವನ್ನು ಒತ್ತಬೇಕಾದವರು ನೀವೊಬ್ಬರೇ. ಗಾಬರಿಯಾದ ಮಗನೋ ಹೆಂಡತಿಯೋ ಒತ್ತಿದರೆ ಪ್ರಾಣ ಉಳಿಸಬೇಕಾದ ಶಾಕೇ ನಿಂತುಹೋಗುತ್ತದೆ. ಇದನ್ನು ಮನೆಯವರಿಗೆ ಇಂದೇ ಹೇಳಿ. ಶಾಕ್ ಕೊಡುವ ಮುನ್ನ ಯಾರೂ ಮುಟ್ಟಬಾರದೆಂದು ಸಾಧನ ಕೂಗಿ ಹೇಳುತ್ತದೆ, ಆದರೆ ಲೇಕ್ ಮಾರ್ಕೆಟ್‌ನ ಅಂಗಡಿಯವರಿಗೋ ನಿಮ್ಮ ಕಟ್ಟಡದ ದರವಾನನಿಗೋ ಆ ಭಾಷೆ ತಿಳಿಯದಿರಬಹುದು. ಪಕ್ಕದವರಿಗೆ, ಕೆಲಸದವರಿಗೆ ಮೊದಲೇ ತಿಳಿಸಿಡಿ. 'ಛೋಬೇನ್ ನಾ' (ಮುಟ್ಟಬೇಡಿ) ಎಂದು ಬಂಗಾಳಿಯಲ್ಲಿ ಬರೆಸಿದ ಚೀಟಿ ಜೇಬಿನಲ್ಲಿರಲಿ.

ಆರೈಕೆ ಮಾಡುವವರಿಗೆ: ವ್ಯಕ್ತಿ ಪ್ರಜ್ಞೆ ತಪ್ಪಿದರೆ 112ಕ್ಕೆ ಕರೆ ಮಾಡಿ. ಮುಟ್ಟಬೇಡಿ ಎಂಬ ಎಚ್ಚರಿಕೆ ನಿಂತ ಮೇಲೂ ಉಸಿರಾಟ ಸಹಜವಾಗಿರದಿದ್ದರೆ ಎದೆ ಒತ್ತುವ ಸಿಪಿಆರ್ ಶುರುಮಾಡಿ. ಶಾಕ್ ನಂತರ ರೋಗಿ ಎದ್ದು ಕೂತು 'ನನಗೇನೂ ಆಗಿಲ್ಲ' ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಬೆನ್ನಿಗೆ ಅಂಟಿದ ಜೆಲ್ ಕಂಡು ಹೆದರಬೇಡಿ, ಚರ್ಮ ಸುಡದಿರಲೆಂದು ಸಾಧನವೇ ಬಿಟ್ಟದ್ದು ಅದು. ವೈದ್ಯರು ಹೇಳುವವರೆಗೆ ಅಂಗಿ ಬಿಚ್ಚಬೇಡಿ.